ಮೇಷ್ಟರ ಸಂಬಳವೂ ಮಕ್ಕಳ ಓದೂ

ಉಪಾಧ್ಯಾಯನಾದವನು ಸಂಬಳದ ಮಾತೆತ್ತಿದರೆ ಕೇಳುವವರ ಮುಖದಲ್ಲಿ ಒಂದು ಬಗೆಯ ಮುಗುಳುನಗೆ ಮೂಡುವುದನ್ನು ನಾನು ಬಹಳ ಸಲ ಕಂಡಿದ್ದೇನೆ. ‘ಶುರುವಾಯಿತು ಮೇಷ್ಟರ ಗೋಳು’ ಎಂಬುದು ಆ ನಗೆಯ ಅರ್ಥ. ಆದುದರಿಂದ ಮೊದಲೇ ಹೇಳಿಬಿಡುತ್ತೇನೆ: ಇಲ್ಲಿ ನಾನು ನನ್ನ ಸಂಬಳದ ಮಾತನ್ನಾಡುವುದಿಲ್ಲ. ನನ್ನದು ಖಾಯಂ ಕೆಲಸ. ತಿಂಗಳು ತಿಂಗಳಿಗೆ ಸಂಬಳ ಬರುತ್ತದೆ. ದೂರುವುದಕ್ಕೆ ನನಗೆ ಕಾರಣವಿಲ್ಲ. ಈ ವಿಷಯವನ್ನು ನನ್ನ ತಲೆಗೆ ಹಾಕಿದವಳು ಎಂಟನೆಯ ತರಗತಿಯಿಂದ ಒಂಬತ್ತಕ್ಕೆ ಬಂದ ಒಬ್ಬ ಹುಡುಗಿ.

೨೦೨೫ರ ಜೂನ್ ತಿಂಗಳ ಮೊದಲ ವಾರ. ಬೇಸಗೆಯ ರಜೆ ಕಳೆದು ಶಾಲೆಯ ಬಾಗಿಲು ತೆರೆದು ಮೂರೋ ನಾಲ್ಕೋ ದಿನವಾಗಿತ್ತು. ಹಾಜರಿ ಮುಗಿಸಿ ಪುಸ್ತಕ ಬಿಡಿಸುವಷ್ಟರಲ್ಲಿ ಆಕೆ ಎದ್ದುನಿಂತು, “ಸಾರ್, ಹೋದ ವರ್ಷದ ಗಣಿತದ ಮಿಸ್ಸು ಯಾವಾಗ ಬರುತ್ತಾರೆ?” ಎಂದು ಕೇಳಿದಳು. “ಅವರು ಬರುವುದಿಲ್ಲಮ್ಮ, ಬೇರೆಯವರು ಬರುತ್ತಾರೆ” ಎಂದೆ. ಹುಡುಗಿ ಕುಳಿತುಕೊಳ್ಳಲಿಲ್ಲ. “ಯಾಕೆ ಸಾರ್, ನಾವು ಏನಾದರೂ ತಪ್ಪು ಮಾಡಿದೆವಾ?” ಎಂದಳು.

ಇಪ್ಪತ್ತೈದು ವರ್ಷಗಳಿಗೂ ಮಿಕ್ಕಿ ಪಾಠ ಹೇಳಿದವನಿಗೆ ಆ ಪ್ರಶ್ನೆಗೆ ಉತ್ತರ ಹೊಳೆಯಲಿಲ್ಲ. ಆ ಉಪಾಧ್ಯಾಯಿನಿ ‘ಅತಿಥಿ’ ಎಂದೂ, ಅತಿಥಿಯ ಅವಧಿ ಮಾರ್ಚಿಗೆ ಮುಗಿಯುತ್ತದೆ ಎಂದೂ, ಮರುವರ್ಷ ಮತ್ತೆ ಕರೆ ಬರುತ್ತದೆಯೋ ಇಲ್ಲವೋ ಎಂದು ಕಾಯುತ್ತ ಕೂರಲು ಎಲ್ಲರ ಮನೆಯ ಸ್ಥಿತಿಯೂ ಬಿಡುವುದಿಲ್ಲ ಎಂದೂ ಹದಿಮೂರು ವರ್ಷದ ಮಗುವಿಗೆ ಹೇಗೆ ಹೇಳುವುದು? ಪದ್ಯವನ್ನು ಓದಿಸಲು ಶುರುಮಾಡಿ ಅಂದಿನ ಗಂಡಾಂತರದಿಂದ ಪಾರಾದೆ. ಓದುಗರೇ, ಆ ಹುಡುಗಿಗೆ ಹೇಳಲಾಗದ್ದನ್ನು ನಿಮ್ಮ ಮುಂದೆ ಹೇಳಲು ಹೊರಟಿದ್ದೇನೆ.

ಕನ್ನಡ ಪಂಡಿತನಿಗೆ ಮಾತಿನ ಬೇರು ಕೆದಕುವ ಚಾಳಿ ಬಿಡದು, ಕ್ಷಮಿಸಬೇಕು. ಹಳಗನ್ನಡದ ‘ಓಜ’ ಎಂಬ ಮಾತು ‘ಉಪಾಧ್ಯಾಯ’ ಎಂಬುದರಿಂದಲೇ ಪ್ರಾಕೃತದ ದಾರಿಯಲ್ಲಿ ಸವೆದು ಬಂದದ್ದು. ಆ ಉಪಾಧ್ಯಾಯ ಯಾರು ಎಂದು ಮನುಸ್ಮೃತಿಯನ್ನು ಕೇಳಿದರೆ, ಜೀವನೋಪಾಯಕ್ಕಾಗಿ ವೇದದ ಒಂದು ಭಾಗವನ್ನೋ ವೇದಾಂಗವನ್ನೋ ಕಲಿಸುವವನು ಎಂಬ ಲಕ್ಷಣ ಸಿಗುತ್ತದೆ. ಆಚಾರ್ಯ ಬೇರೆ, ಗುರು ಬೇರೆ. ಹೊಟ್ಟೆಪಾಡು ಎಂಬುದು ಉಪಾಧ್ಯಾಯ ಎಂಬ ಹೆಸರಿನ ಲಕ್ಷಣದೊಳಗೇ ಸೇರಿದೆ. ಉಪಾಧ್ಯಾಯನು ಸಂಬಳದ ಮಾತನಾಡಿದರೆ ವಿದ್ಯೆಗೆ ಅಪಚಾರವಾಯಿತೆಂದು ಹುಬ್ಬುಗಂಟಿಕ್ಕುವವರು ಇಷ್ಟನ್ನಾದರೂ ನೆನಪಿನಲ್ಲಿಡಬೇಕು.

ನಮ್ಮ ಹಿಂದಿನ ತಲೆಮಾರುಗಳು ಓದಿದ್ದು ಕೂಲಿಮಠಗಳಲ್ಲಿ. ಅಲ್ಲಿಯೂ ನೋಡಿ, ಹೆಸರಿನಲ್ಲೇ ಕೂಲಿ ಇದೆ. ಜಗಲಿಯ ಮೇಲೋ ಗುಡಿಯ ಪ್ರಾಂಗಣದಲ್ಲೋ ಐಗಳು ಮಕ್ಕಳನ್ನು ಸೇರಿಸಿಕೊಂಡು ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದರು, ಮಗ್ಗಿ ಒಪ್ಪಿಸಿಕೊಳ್ಳುತ್ತಿದ್ದರು. ಮನೆಯವರು ಕಾಳುಕಡಿಯನ್ನೋ ಕಾಸನ್ನೋ ಕೊಡುತ್ತಿದ್ದರು. ಮಹಾನವಮಿ ಬಂತೆಂದರೆ ಮಕ್ಕಳೆಲ್ಲ ಕೋಲು ಹಿಡಿದು ಚೌಪದ ಹಾಡುತ್ತ ಮನೆಮನೆಗೆ ಹೋಗುವುದು, ಸಿಕ್ಕಿದ್ದು ಐಗಳಿಗೆ. ಇದನ್ನು ಹಬ್ಬದ ಸಂಭ್ರಮವೆಂದು ನಾವು ಈಗ ನೆನೆಯುತ್ತೇವೆ. ಸಂಭ್ರಮ ಹೌದು. ಆದರೆ ಮೇಷ್ಟರ ವರ್ಷದ ಸಂಬಳಕ್ಕಾಗಿ ಮಕ್ಕಳು ಬಾಗಿಲು ಬಾಗಿಲಿಗೆ ಹೋಗಬೇಕಾಗಿತ್ತು ಎಂಬುದೂ ಹೌದು.

ಇದರ ಲೆಕ್ಕವನ್ನು ಸ್ಪಷ್ಟವಾಗಿ ಬರೆದಿಟ್ಟವರು ಬಳ್ಳಾರಿಯ ಕಲೆಕ್ಟರಾಗಿದ್ದ ಎ. ಡಿ. ಕ್ಯಾಂಬೆಲ್. ಮದರಾಸಿನ ಗವರ್ನರ್ ಥಾಮಸ್ ಮನ್ರೋ ೧೮೨೨ರಲ್ಲಿ ಶಾಲೆಗಳ ಸ್ಥಿತಿಗತಿಯನ್ನು ವಿಚಾರಿಸಿ ವರದಿ ಕಳಿಸಬೇಕೆಂದು ಜಿಲ್ಲೆಗಳಿಗೆ ಆಜ್ಞೆಮಾಡಿದ. ಕ್ಯಾಂಬೆಲ್ ೧೮೨೩ರ ಆಗಸ್ಟಿನಲ್ಲಿ ಕಳಿಸಿದ ವರದಿಯಲ್ಲಿ ಬಳ್ಳಾರಿ ಜಿಲ್ಲೆಯ ೫೩೩ ಶಾಲೆಗಳ, ೬,೬೪೧ ಮಕ್ಕಳ ಲೆಕ್ಕವಿದೆ. ಅವುಗಳಲ್ಲಿ ಕನ್ನಡದವು ೨೩೫. ಮಗುವೊಂದಕ್ಕೆ ತಿಂಗಳಿಗೆ ಕಾಲು ರೂಪಾಯಿ. ಕಾಗದದ ಮೇಲೆ ಬರೆಯುವ ಹಂತಕ್ಕೆ ಬಂದರೆ ಅರ್ಧ ರೂಪಾಯಿ. ಈ ೫೩೩ರಲ್ಲಿ ಒಂದು ಶಾಲೆಗೂ ಸರ್ಕಾರದಿಂದ ಕಾಸಿನ ನೆರವಿಲ್ಲ ಎಂದು ಹೇಳಲು ತನಗೆ ನಾಚಿಕೆಯಾಗುತ್ತದೆ ಎಂದು ಆ ಅಧಿಕಾರಿ ಒಪ್ಪಿಕೊಂಡಿದ್ದಾನೆ. ವಿಲಾಯಿತಿ ಬಟ್ಟೆ ಬಂದು ನೇಕಾರರ ಕೈ ಬರಿದಾಯಿತು, ಅಷ್ಟಿಷ್ಟು ಕೂಲಿಯನ್ನೂ ತೆರಲಾರದೆ ಜನ ಮಕ್ಕಳನ್ನು ಬಿಡಿಸಿಕೊಂಡರು ಎಂಬ ಅರ್ಥದ ಮಾತೂ ಅಲ್ಲಿದೆ. ತಂದೆಯ ಜೇಬಿನ ಮೇಲೆ ನಿಂತ ಶಾಲೆ, ಜೇಬು ಬರಿದಾದೊಡನೆ ಮುಚ್ಚುತ್ತದೆ.

ಈ ಅನುಭವದಿಂದಲೇ ಶಾಲೆಯ ಖರ್ಚು ಸರ್ಕಾರದ್ದು ಎಂಬ ಭಾವನೆ ನಿಧಾನವಾಗಿ ಬೆಳೆಯಿತು. ಮೈಸೂರು ಸೀಮೆಯಲ್ಲಿ ೧೮೫೭ರಲ್ಲಿ ವಿದ್ಯಾ ಇಲಾಖೆ ಹುಟ್ಟಿತು, ೧೮೬೮ರಲ್ಲಿ ಬಿ. ಎಲ್. ರೈಸ್ ಅವರ ಹೋಬಳಿ ಶಾಲೆಗಳ ಯೋಜನೆ ಬಂತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ೧೯೧೩ರಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾಯಿದೆಯಾಯಿತು. ಆ ಕಥೆ ದೊಡ್ಡದು, ಇಲ್ಲಿಗೆ ಬೇಡ.

ಈಗ ನಮ್ಮ ದಕ್ಷಿಣ ಬೆಂಗಳೂರಿಗೆ ಬರೋಣ. ೧೯೪೮ರಲ್ಲಿ ಜಯನಗರಕ್ಕೆ ಅಸ್ತಿಭಾರ ಬಿತ್ತು. ಆಮೇಲೆ ಜೆ. ಪಿ. ನಗರ, ಬನಶಂಕರಿ, ಬಿ. ಟಿ. ಎಂ. ಬಡಾವಣೆ ಎಂದು ಊರು ತೆಂಕಣಕ್ಕೆ ಹಬ್ಬಿತು. ಹಬ್ಬುವಾಗ ಸಾರಕ್ಕಿ, ಭೈರಸಂದ್ರ, ಯಡಿಯೂರು, ಕತ್ತರಿಗುಪ್ಪೆ, ಕದಿರೇನಹಳ್ಳಿ, ಪುಟ್ಟೇನಹಳ್ಳಿಗಳನ್ನು ಹಾಗೆಯೇ ನುಂಗಿತು. ನೀವು ಈ ಬಡಾವಣೆಗಳಲ್ಲಿ ವಾಸವಾಗಿದ್ದೂ ಸರ್ಕಾರಿ ಶಾಲೆಯನ್ನು ಕಾಣದಿದ್ದರೆ ಆಶ್ಚರ್ಯವಿಲ್ಲ; ಅದು ಸಾಮಾನ್ಯವಾಗಿ ಇರುವುದು ಆ ಹಳೆಯ ಹಳ್ಳಿಯ ಹೊಟ್ಟೆಯೊಳಗೆ, ಮಾರಮ್ಮನ ಗುಡಿಯ ಮಗ್ಗುಲಲ್ಲಿ. ಅಲ್ಲಿ ಓದುವ ಮಕ್ಕಳನ್ನು ಮಾತ್ರ ನೀವು ಬಲ್ಲಿರಿ. ನಿಮ್ಮ ಮನೆಯ ಪಾತ್ರೆ ತೊಳೆಯುವಾಕೆಯ ಮಗಳು, ನಿಮ್ಮ ಕಟ್ಟಡದ ಕಾವಲುಗಾರನ ಮಗ, ಯಾದಗಿರಿ ರಾಯಚೂರುಗಳಿಂದ ಗಾರೆ ಕೆಲಸಕ್ಕೆ ಬಂದವರ ಮಕ್ಕಳು. ಮನೆಯಲ್ಲಿ ತೆಲುಗೋ ತಮಿಳೋ ಉರ್ದುವೋ ಆಡಿ, ಶಾಲೆಯಲ್ಲಿ ಕನ್ನಡ ಕಲಿಯುವವರೂ ಬೇಕಾದಷ್ಟು ಮಂದಿ.

ಇಂಥ ಮಕ್ಕಳಿಗೆ ಶಾಲೆಯಲ್ಲಿ ಪಾಠ ಹೇಳುವವರಲ್ಲಿ ಎರಡು ವರ್ಗ. ಒಂದು ನಮ್ಮದು, ಖಾಯಂ ಉಪಾಧ್ಯಾಯರದು. ಇನ್ನೊಂದು, ಖಾಲಿ ಬಿದ್ದ ಹುದ್ದೆಗಳಲ್ಲಿ ವರ್ಷದ ಮಟ್ಟಿಗೆ ತೆಗೆದುಕೊಳ್ಳುವ ಅತಿಥಿಗಳದು. ನಾಡಿನಲ್ಲಿ ಈಗ ಇಂಥವರು ನಲವತ್ತು ಸಾವಿರಕ್ಕೂ ಮೀರಿ ಇದ್ದಾರೆ. ಅವರಿಗೆ ಕೊಡುವುದಕ್ಕೆ ಸಂಬಳವೆಂದು ಹೆಸರಿಲ್ಲ, ಗೌರವಧನವೆಂದು ಹೆಸರು. ೨೦೨೨ರಲ್ಲಿ ಪ್ರೌಢಶಾಲೆಯ ಅತಿಥಿಗೆ ತಿಂಗಳಿಗೆ ೧೦,೫೦೦ ರೂಪಾಯಿಯಾಯಿತು. ೨೦೨೫-೨೬ರ ಆಯವ್ಯಯದಲ್ಲಿ ಎರಡು ಸಾವಿರ ಸೇರಿ ೧೨,೫೦೦ ಆಗಿದೆ. ಇದರ ಪಕ್ಕದಲ್ಲಿ ಇನ್ನೊಂದು ಅಂಕಿಯನ್ನು ಇಡುತ್ತೇನೆ. ೨೦೨೪ರ ಆಗಸ್ಟಿನಿಂದ ಏಳನೆಯ ವೇತನ ಆಯೋಗದ ಶಿಫಾರಸು ಜಾರಿಯಾದಾಗ ಸರ್ಕಾರದ ಅತ್ಯಂತ ಕೆಳದರ್ಜೆಯ ನೌಕರನ ಮೂಲವೇತನ ೧೭,೦೦೦ದಿಂದ ೨೭,೦೦೦ಕ್ಕೆ ಏರಿತು. ಅದು ನ್ಯಾಯವೇ, ಯಾರ ಅನ್ನಕ್ಕೂ ನಾನು ಕಣ್ಣು ಹಾಕುವುದಿಲ್ಲ. ಆದರೆ ಎಂ.ಎಸ್ಸಿ., ಬಿ.ಎಡ್. ಮಾಡಿ ಹತ್ತನೆಯ ತರಗತಿಗೆ ಗಣಿತ ಹೇಳುವಾಕೆಗೆ ಅದರ ಅರ್ಧವೂ ಇಲ್ಲ, ಅದೂ ವರ್ಷಕ್ಕೆ ಹತ್ತು ತಿಂಗಳು, ಅದೂ ಕಂತು ಬಿಡುಗಡೆಯಾದಾಗ.

ನಮ್ಮ ಗಣಿತದ ಮಿಸ್ಸು ಇಂಥವರಲ್ಲೊಬ್ಬರು. ಸಂಜೆ ಜೆ. ಪಿ. ನಗರದ ಒಂದು ಮನೆಯ ಇಬ್ಬರು ಮಕ್ಕಳಿಗೆ ಪಾಠ ಹೇಳಿ ಶಾಲೆಯ ಗೌರವಧನದ ಅರ್ಧದಷ್ಟು ಗಳಿಸುತ್ತಿದ್ದರು. ಕಡಮೆ ಕೊಡುವ ಕೆಲಸವೆಂದು ಶಾಲೆಯ ಪಾಠವನ್ನು ಅವರು ಕಡಮೆ ಮಾಡಿದ್ದನ್ನು ನಾನು ಕಾಣೆ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಕಡಮೆ ಸಂಬಳದವರು ಉದಾಸೀನ ಮಾಡುತ್ತಾರೆ ಎಂಬ ಒಂದು ಸುಲಭದ ಮಾತಿದೆ. ನನ್ನ ಅನುಭವದಲ್ಲಿ ಅದು ಸುಳ್ಳು. ಹಾಗೆಯೇ ಹೆಚ್ಚು ಸಂಬಳದವರೆಲ್ಲ ಶ್ರದ್ಧಾವಂತರೆಂಬುದೂ ಸುಳ್ಳು. ಸಂಬಳ ಏರಿದ ತಿಂಗಳು ನಮ್ಮ ಕೊಠಡಿಯಲ್ಲಿ ಯಾರ ಪಾಠವೂ ಹಿಂದಿನ ತಿಂಗಳಿಗಿಂತ ಉತ್ತಮವಾದದ್ದನ್ನು ನಾನು ಕಂಡಿಲ್ಲ, ನನ್ನದನ್ನೂ ಸೇರಿಸಿ. ಸಂಬಳವು ಮಗುವನ್ನು ಮುಟ್ಟುವ ದಾರಿ ಇದಲ್ಲ.

ಹಾಗಾದರೆ ಯಾವುದು? ಒಂದು ಸಂಗತಿಯನ್ನು ಹೇಳುತ್ತೇನೆ.

ಅದೇ ಎಂಟನೆಯ ತರಗತಿಯಲ್ಲಿ ಯಾದಗಿರಿ ಕಡೆಯ ಒಬ್ಬ ಹುಡುಗನಿದ್ದ. ಎತ್ತರದ ಆಳು, ಹಿಂದಿನ ಬೆಂಚಿನವನು. ಕನ್ನಡ ಪದ್ಯವನ್ನು ಕೇಳಿದರೆ ಗಂಟೆ ಬಾರಿಸಿದಂತೆ ಬಾಯಲ್ಲೇ ಒಪ್ಪಿಸುತ್ತಿದ್ದ. ಆದುದರಿಂದ ನನ್ನ ಲೆಕ್ಕದಲ್ಲಿ ಅವನು ಜಾಣ. ಗಣಿತದಲ್ಲಿ ಮಾತ್ರ ತಪ್ಪೋ ತಪ್ಪು. ಆಗಸ್ಟಿನಲ್ಲೋ ಸೆಪ್ಟೆಂಬರಿನಲ್ಲೋ ಆ ಮಿಸ್ಸು ಒಂದು ದಿನ ಅವನ ಪುಸ್ತಕವನ್ನೂ ಪಕ್ಕದವನ ಪುಸ್ತಕವನ್ನೂ ಜೊತೆಗಿಟ್ಟು ನೋಡಿದರು. ಹುಡುಗ ಹಲಗೆಯನ್ನು ನೋಡಿ ಬರೆಯುತ್ತಲೇ ಇರಲಿಲ್ಲ. ಪಕ್ಕದವನ ಪುಸ್ತಕವನ್ನು ನೋಡಿ ಬರೆಯುತ್ತಿದ್ದ, ಪಕ್ಕದವನ ಮೂರು ಇವನಲ್ಲಿ ಎಂಟಾಗುತ್ತಿತ್ತು. ಅವನಿಗೆ ಹಲಗೆ ಕಾಣುತ್ತಿರಲಿಲ್ಲ! ಒಂದು ಶನಿವಾರ ಮಧ್ಯಾಹ್ನ ಅವರೇ ಕರೆದುಕೊಂಡು ಹೋಗಿ ಕಣ್ಣು ತೋರಿಸಿ ಕನ್ನಡಕ ಹಾಕಿಸಿದರು. ವರ್ಷದ ಕೊನೆಗೆ ಹುಡುಗ ಬೀಜಗಣಿತದಲ್ಲಿ ತರಗತಿಗೆ ಮೂರನೆಯವನಾದ.

ಬೇಸಗೆಗೆ ಅಪ್ಪ ಅಮ್ಮನ ಜೊತೆ ಊರಿಗೆ ಹೋದವನು ಕನ್ನಡಕವನ್ನು ಮುರಿದುಕೊಂಡು ಬಂದ. ಬೈದಾರೆಂದು ಯಾರಿಗೂ ಹೇಳಲಿಲ್ಲ. ಹೊಸ ಅತಿಥಿ ಉಪಾಧ್ಯಾಯರು ಜುಲೈ ನಡುವಿನಲ್ಲಿ ಬಂದರು, ಅವರೂ ಒಳ್ಳೆಯವರೇ. ಎತ್ತರದ ಹುಡುಗನನ್ನು ಹಿಂದಿನ ಬೆಂಚಿಗೆ ಕಳಿಸಿದರು. ಇವನು ಮಂಕು ಎಂದು ಅವರಿಗೆ ತೋರಿತು. ಯಾರಿಗಾದರೂ ಹಾಗೆಯೇ ತೋರಬೇಕು. ಅಕ್ಟೋಬರಿನಲ್ಲಿ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆಂದು ನಾವೆಲ್ಲ ಮನೆಮನೆ ಹತ್ತಿ ಇಳಿದೆವು, ದಸರೆಯ ರಜೆ ೧೮ನೆಯ ತಾರೀಕಿನವರೆಗೆ ಬೆಳೆಯಿತು. ಹುಡುಗನಿಗೆ ಮತ್ತೆ ಕನ್ನಡಕ ಬಂದದ್ದು ನವೆಂಬರಿನಲ್ಲಿ. ಅಷ್ಟರಲ್ಲಿ ಅವನು ಅರ್ಧ ವರ್ಷವನ್ನು ಕಳೆದುಕೊಂಡಿದ್ದ. ಅದಕ್ಕಿಂತ ಹೆಚ್ಚಾಗಿ, ತಾನು ಮಂಕು ಎಂಬುದನ್ನು ಸ್ವತಃ ಒಪ್ಪಿಕೊಂಡುಬಿಟ್ಟಿದ್ದ. ನಾನೆಲ್ಲಿದ್ದೆ ಎಂದು ನೀವು ಕೇಳಬಹುದು. ಅಲ್ಲಿಯೇ ಇದ್ದೆ. ಎರಡು ವರ್ಷವೂ ದಿನ ಬಿಟ್ಟು ದಿನ ಅವನ ಮುಖವನ್ನು ನೋಡುತ್ತಿದ್ದೆ. ಅವನು ಪದ್ಯ ಒಪ್ಪಿಸುತ್ತಿದ್ದ, ನಾನು ಮೆಚ್ಚುತ್ತಿದ್ದೆ. ಬರಿಗಣ್ಣಿನವನಾಗಿದ್ದಾನೆಂಬುದು ನನ್ನ ಗಮನಕ್ಕೆ ಬರಲಿಲ್ಲ.

ಹೋದ ವರ್ಷ ಮಗುವನ್ನು ಕಂಡವರು ಈ ವರ್ಷವೂ ಇರಬೇಕು. ಸಂಬಳದಿಂದ ಮಗುವಿಗೆ ಆಗುವ ಉಪಕಾರ ಮುಖ್ಯವಾಗಿ ಇಷ್ಟೇ, ಇದು ಕಡಮೆಯದಲ್ಲ. ಓದು ಬರಹ ಬಲ್ಲ ತಾಯಿತಂದೆಯರ ಮಗು ಪ್ರತಿ ವರ್ಷ ಹೊಸ ಮೇಷ್ಟರನ್ನು ಕಂಡರೂ ಬದುಕಿಕೊಳ್ಳುತ್ತದೆ. ಅದರ ಪುಸ್ತಕವನ್ನು ಮನೆಯಲ್ಲಿ ನೋಡುವವರಿದ್ದಾರೆ. ಗಾರೆ ಕೆಲಸದವನ ಮಗನ ಪುಸ್ತಕವನ್ನು ನೋಡುವವರು ಶಾಲೆಯಲ್ಲಿ ಮಾತ್ರ ಇದ್ದಾರೆ.

ಇನ್ನೊಂದು ಪರಿಣಾಮವನ್ನೂ ಹೇಳಬೇಕು. ಆ ಮಿಸ್ಸು ಇದ್ದ ವರ್ಷ ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಲೆಕ್ಕ ಓದುವಾಗ ೧೦,೫೦೦ ಎಂಬ ಅಂಕಿ ಬಂತು. ನಾನು ಮೊದಲು ಹೇಳಿದ ಹುಡುಗಿಯ ತಂದೆಯೂ ಅಲ್ಲಿದ್ದರು; ದೊಡ್ಡ ವಸತಿ ಸಮುಚ್ಚಯವೊಂದರಲ್ಲಿ ಕಾವಲುಗಾರರು. “ಸ್ವಾಮಿ, ರಾತ್ರಿ ಪಾಳಿ ಸೇರಿಸಿದರೆ ನನಗೇ ಇದಕ್ಕಿಂತ ಹೆಚ್ಚು ಬರುತ್ತದಲ್ಲ. ಮೇಡಂನೋರು ಎಷ್ಟು ಓದಿದ್ದಾರೆ?” ಎಂದು ಕೇಳಿದರು. ಹೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, “ನನ್ನ ಮಗಳೂ ಮೇಡಂ ಆಗುತ್ತೀನಿ ಅಂತಾಳೆ” ಎಂದರು. ಆಮೇಲೆ ಆ ಸಭೆಯಲ್ಲಿ ಅವರು ಮಾತನಾಡಲಿಲ್ಲ.

ಸಂಬಳದ ಮಾತಾಯಿತು, ಶಾಲೆಯ ಮೇಲುಖರ್ಚಿನದು ಬೇರೆ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಶಾಲೆಗೆ ವರ್ಷಕ್ಕೊಮ್ಮೆ ಒಂದು ಅನುದಾನವುಂಟು. ನೂರರ ಮೇಲೆ ಇನ್ನೂರೈವತ್ತರವರೆಗೆ ಮಕ್ಕಳಿದ್ದರೆ ೫೦,೦೦೦ ರೂಪಾಯಿ. ನೂರೈವತ್ತು ಮಕ್ಕಳ ಶಾಲೆಯೆಂದು ಹಿಡಿದು, ವರ್ಷಕ್ಕೆ ೨೨೦ ದಿನಗಳ ಕೆಲಸವೆಂದು ಭಾಗಿಸಿ ನೋಡಿ: ಮಗುವೊಂದಕ್ಕೆ ದಿನಕ್ಕೆ ಒಂದೂವರೆ ರೂಪಾಯಿ. ಸೀಮೆಸುಣ್ಣ, ದಾಖಲೆ ಪುಸ್ತಕ, ಒಡೆದ ನಲ್ಲಿ, ಕೆಟ್ಟ ಫ್ಯಾನು, ಪ್ರಯೋಗಶಾಲೆಯ ಗಾಜಿನ ಸಾಮಾನು, ಶೌಚಾಲಯದ ಶುಚಿ, ಎಲ್ಲ ಅದರಲ್ಲಿ. ಸರ್ಕಾರಿ ಶಾಲೆಗಳಿಗೆ ವಿದ್ಯುತ್ತು ನೀರು ಉಚಿತವೆಂದು ೨೦೨೩ರ ರಾಜ್ಯೋತ್ಸವದ ದಿನ ಸಾರಿದ್ದು ದೊಡ್ಡ ಉಪಕಾರ. ಅದಕ್ಕೆ ಮುಂಚೆ ದೀಪದ ಬಿಲ್ಲನ್ನು ಕಟ್ಟಲು ಮುಖ್ಯೋಪಾಧ್ಯಾಯರು ಕೈಯಿಂದ ಹಾಕುತ್ತಿದ್ದದ್ದನ್ನು ನಾನು ಬಲ್ಲೆ.

೨೦೨೨ರ ಅಕ್ಟೋಬರಿನಲ್ಲಿ ಒಂದು ಆಜ್ಞೆ ಬಂದಿತ್ತು, ನಿಮಗೆ ನೆನಪಿರಬಹುದು. ಸರ್ಕಾರಿ ಶಾಲೆಯ ಮಕ್ಕಳ ಪೋಷಕರಿಂದ ತಿಂಗಳಿಗೆ ನೂರು ರೂಪಾಯಿಯವರೆಗೆ ದೇಣಿಗೆ ತೆಗೆದುಕೊಳ್ಳಬಹುದು ಎಂದು. ಬಲವಂತವಿಲ್ಲ, ಇಷ್ಟವಿದ್ದವರು ಕೊಡಬಹುದು ಎಂದೇ ಅದರಲ್ಲಿತ್ತು. ಜನ ಕೂಗಾಡಿದರು, ಕೆಲವೇ ದಿನಗಳಲ್ಲಿ ಆಜ್ಞೆ ಹಿಂದಕ್ಕೆ ಹೋಯಿತು. ಹೋದದ್ದು ಒಳ್ಳೆಯದಾಯಿತು. ಇಷ್ಟವಿದ್ದವರು ಎಂಬ ಮಾತು ಕಾಗದದ ಮೇಲೆ ಚೆನ್ನ. ತರಗತಿಯಲ್ಲಿ ಕೊಟ್ಟವರ ಮಕ್ಕಳು, ಕೊಡದವರ ಮಕ್ಕಳು ಎಂದು ಎರಡು ಸಾಲು ಆಗಲು ವಾರ ಹಿಡಿಯುವುದಿಲ್ಲ. ಬಳ್ಳಾರಿಯ ಕಾಲು ರೂಪಾಯಿಯಿಂದ ಹೊರಟು ಇನ್ನೂರು ವರ್ಷ ನಡೆದು ನೂರು ರೂಪಾಯಿಗೆ ಬಂದು ನಿಲ್ಲುತ್ತಿದ್ದೆವು. ಆದರೆ ಆಜ್ಞೆ ಹೋಯಿತೆಂದು ಚಪ್ಪಾಳೆ ತಟ್ಟಿದವರಲ್ಲಿ ಎಷ್ಟು ಜನ, ಆ ನೂರು ರೂಪಾಯಿಯಿಂದ ತುಂಬಬೇಕಾಗಿದ್ದ ಹಳ್ಳವನ್ನು ಇನ್ನು ಯಾರು ತುಂಬುತ್ತಾರೆ ಎಂದು ಕೇಳಿದರು? ರಾಷ್ಟ್ರದ ಆದಾಯದಲ್ಲಿ ನೂರಕ್ಕೆ ಆರರಷ್ಟನ್ನು ಶಿಕ್ಷಣಕ್ಕೆ ಕೊಡಬೇಕೆಂದು ಕೊಠಾರಿ ಆಯೋಗ ೧೯೬೬ರಲ್ಲಿ ಹೇಳಿತು. ೨೦೨೦ರ ಶಿಕ್ಷಣ ನೀತಿಯೂ ಅದನ್ನೇ ಹೇಳಿದೆ. ಹೇಳಿದ ಮಾತನ್ನೇ ಐವತ್ತು ವರ್ಷಗಳ ಮೇಲೆ ಮತ್ತೆ ಹೇಳಬೇಕಾಗಿ ಬಂತೆಂದರೆ ಅದರ ಅರ್ಥ ನಿಮಗೆ ತಿಳಿಯುತ್ತದೆ.

ಅನುದಾನಿತ ಶಾಲೆಗಳ ಕಥೆಯೂ ಇದಕ್ಕೆ ಹೊಂದಿಕೊಂಡದ್ದೇ. ಬಸವನಗುಡಿ ಜಯನಗರಗಳ ಹಳಬರು ಹೆಮ್ಮೆಯಿಂದ ಹೆಸರು ಹೇಳುವ ಎಷ್ಟೋ ಶಾಲೆಗಳು ಈ ವರ್ಗದವು. ಕಟ್ಟಡ ಸಂಸ್ಥೆಯದು, ಸಂಬಳ ಸರ್ಕಾರದ್ದು. ಒಬ್ಬರು ನಿವೃತ್ತರಾದರೆ ಆ ಜಾಗ ತುಂಬಲು ಸರ್ಕಾರದ ಅಪ್ಪಣೆ ಬೇಕು. ಅಪ್ಪಣೆ ಬರಲು ವರ್ಷಗಳಾಗುತ್ತವೆ. ೨೦೨೫ರ ಎಸ್.ಎಸ್.ಎಲ್.ಸಿ. ಮೊದಲ ಪರೀಕ್ಷೆಯಲ್ಲಿ ತೇರ್ಗಡೆಯಾದವರು ಅನುದಾನರಹಿತ ಶಾಲೆಗಳಲ್ಲಿ ನೂರಕ್ಕೆ ಸುಮಾರು ೭೫, ಸರ್ಕಾರಿ ಶಾಲೆಗಳಲ್ಲಿ ಸುಮಾರು ೬೨, ಅನುದಾನಿತ ಶಾಲೆಗಳಲ್ಲಿ ಸುಮಾರು ೫೯. ಒಂದು ಕಾಲಕ್ಕೆ ಮೇಲಿದ್ದವು ಈಗ ಎಲ್ಲಕ್ಕಿಂತ ಕೆಳಗೆ. ಕಾರಣಗಳು ಹಲವು ಇದ್ದಾವು. ಆದರೆ ಹತ್ತು ಕುರ್ಚಿಗಳ ಕೊಠಡಿಯಲ್ಲಿ ನಾಲ್ಕು ಜನ ಕುಳಿತಿರುವುದು ಅವುಗಳಲ್ಲೊಂದಲ್ಲವೆಂದು ನನ್ನನ್ನು ಯಾರೂ ನಂಬಿಸಲಾರರು.

ಇಷ್ಟು ಹೇಳಿದಾಗ ಹಿರಿಯರೊಬ್ಬರು ಎಚ್. ನರಸಿಂಹಯ್ಯನವರ ಹೆಸರನ್ನು ಎತ್ತಿಯೇ ಎತ್ತುತ್ತಾರೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ ೧೯೩೫ರಲ್ಲಿ ನಡೆದೇ ಬೆಂಗಳೂರಿಗೆ ಬಂದು ನ್ಯಾಷನಲ್ ಹೈಸ್ಕೂಲನ್ನು ಸೇರಿದ ಬಡ ಹುಡುಗ. ಮುಂದೆ ಅದೇ ಸಂಸ್ಥೆಯ ಕಾಲೇಜಿನಲ್ಲಿ ಮೇಷ್ಟರಾಗಿ, ಪ್ರಾಂಶುಪಾಲರಾಗಿ, ವಿಶ್ವವಿದ್ಯಾನಿಲಯದ ಕುಲಪತಿಯಾಗಿಯೂ ವಿದ್ಯಾರ್ಥಿನಿಲಯದ ಒಂದು ಕೋಣೆಯಲ್ಲೇ ಬಾಳಿದವರು. ಅವರೇನು ಸಂಬಳ ನೋಡಿದರೇ ಎಂದು ಪ್ರಶ್ನೆ. ನಿಜ, ಅವರು ನೋಡಲಿಲ್ಲ. ಅವರಿಗೆ ಸಂಸಾರವಿರಲಿಲ್ಲ, ಬಾಡಿಗೆಯಿರಲಿಲ್ಲ. ಆ ಬಾಳಿಗೆ ಕೈಮುಗಿಯುವವರಲ್ಲಿ ನಾನೂ ಒಬ್ಬ. ಆದರೆ ನಲವತ್ತು ಸಾವಿರ ಜನ ನರಸಿಂಹಯ್ಯನವರಾಗಲಿ ಎಂದು ಬಯಸಿ ಆಯವ್ಯಯ ಬರೆಯಲಾಗುವುದಿಲ್ಲ. ಇನ್ನೊಂದು ಮಾತು: ಆ ಹುಡುಗ ಅಷ್ಟು ದೂರ ನಡೆದು ಬಂದಾಗ ತೆರೆದ ಬಾಗಿಲಿತ್ತು, ಒಳಗೆ ಮೇಷ್ಟರುಗಳಿದ್ದರು. ತ್ಯಾಗದ ಸ್ತುತಿಯನ್ನು ನಾವು ಮಾಡುವಾಗ ಅನೇಕ ಸಲ ಅದು ಇನ್ನೊಬ್ಬರ ತ್ಯಾಗವಾಗಿರುತ್ತದೆ.

ನೀವು ಜಯನಗರದಲ್ಲೋ ಬನಶಂಕರಿಯಲ್ಲೋ ಇರುವವರಾದರೆ, ಹತ್ತಿರದ ಸರ್ಕಾರಿ ಶಾಲೆಗೆ ಒಮ್ಮೆ ಹೋಗಿ ಎರಡೇ ಪ್ರಶ್ನೆ ಕೇಳಿ. ಮಂಜೂರಾದ ಹುದ್ದೆಗಳೆಷ್ಟು, ಖಾಯಂ ಆಗಿ ತುಂಬಿರುವುದೆಷ್ಟು? ಬಣ್ಣ ಬಳಿಸುವುದಕ್ಕೆ, ಚೀಲ ಹಂಚುವುದಕ್ಕೆ ದಾನಿಗಳು ಬರುತ್ತಾರೆ, ಅವರಿಗೆ ನಮಸ್ಕಾರ. ಈ ಎರಡು ಪ್ರಶ್ನೆಗಳನ್ನು ಕೇಳಿದ ದಾನಿಯನ್ನು ನಾನು ಇದುವರೆಗೆ ನೋಡಿಲ್ಲ. ಉತ್ತರ ತಿಳಿದ ಮೇಲೆ ಅದನ್ನು ನಿಮ್ಮ ಶಾಸಕರಿಗೆ ಕಾಗದದಲ್ಲಿ ಬರೆದು ಕೇಳಿ. ಮೇಷ್ಟರು ಕೇಳಿದರೆ ಗೋಳಾಗುತ್ತದೆ, ನೀವು ಕೇಳಿದರೆ ಹಾಗಾಗುವುದಿಲ್ಲ.

ಮೊನ್ನೆ ಜಯನಗರ ನಾಲ್ಕನೆಯ ಬ್ಲಾಕಿನ ಬಸ್ ನಿಲ್ದಾಣದಲ್ಲಿ ಆ ಗಣಿತದ ಮಿಸ್ಸು ಸಿಕ್ಕಿದರು. ಈಗ ಬಿ. ಟಿ. ಎಂ. ಬಡಾವಣೆಯಲ್ಲಿ ಪ್ರವೇಶ ಪರೀಕ್ಷೆಗಳಿಗೆ ತಯಾರಿ ಮಾಡಿಸುವ ಒಂದು ಕೇಂದ್ರದಲ್ಲಿ ಕೆಲಸ. ಸಂಬಳ ಸಾಕಷ್ಟಿದೆ, ಬ್ಯಾಂಕಿಗೆ ಒಂದನೆಯ ತಾರೀಕೇ ಬೀಳುತ್ತದೆ ಎಂದರು. ನನ್ನ ಬಸ್ಸು ಬಂತು. ಹತ್ತುತ್ತಿದ್ದವನನ್ನು ತಡೆದು ಅವರು ಕೇಳಿದರು: “ಸಾರ್, ಆ ಹುಡುಗ ಕನ್ನಡಕ ಹಾಕಿಕೊಳ್ಳುತ್ತಿದ್ದಾನಾ? ಬೇಸಗೆಯಲ್ಲಿ ಎಲ್ಲಾದರೂ ಕಳೆದುಕೊಂಡಾನು ಅಂತ ಅಂದುಕೊಂಡಿದ್ದೆ.”